ಪೇತ್ರನ ‘ಪುನಃಸ್ಥಾಪನೆ’: ಈ ಪದ ಒಪ್ಪುತ್ತದೆಯೇ?

ಬಳಗದ ಎಲ್ಲರಿಗೂ ಕಾರವಾರದಿಂದ ನಮಸ್ಕಾರ.

ನಮ್ಮ ಓದುಕೂಟಕ್ಕಾಗಿ ಯೋಹಾನನ ಸುವಾರ್ತೆಯ 21ನೇ ಅಧ್ಯಾಯಕ್ಕೆ ಟಿಪ್ಪಣಿ ಬರೆಯುತ್ತಿದ್ದೇನೆ. ಯೇಸು ಸೆರೆಯಾದ ರಾತ್ರಿ ‘ಆತನನ್ನು ಅರಿಯೆ’ ಎಂದು ಮೂರು ಸಲ ಹೇಳಿದ ಶಿಷ್ಯ ಪೇತ್ರನನ್ನು, ಸಾವಿನಿಂದೆದ್ದ ಯೇಸು ‘ನನ್ನನ್ನು ಪ್ರೀತಿಸುತ್ತೀಯೋ’ ಎಂದು ಮೂರು ಸಲ ಕೇಳಿ, ತನ್ನ ಕುರಿಗಳನ್ನು, ಅಂದರೆ ತನ್ನ ಜನರನ್ನು, ಒಪ್ಪಿಸುವ ಪ್ರಸಂಗವದು. ಅದಕ್ಕೆ ‘ಪೇತ್ರನ ಪುನಃಸ್ಥಾಪನೆ’ ಎಂದು ತಲೆಬರಹ ಕೊಟ್ಟೆ. ಕೊಟ್ಟಂದಿನಿಂದ ಆ ಪದ ಚುಚ್ಚುತ್ತಿದೆ.

ಪುನಃಸ್ಥಾಪನೆ ಎಂದರೆ ಅಮಾನತಾದ ನೌಕರ ಮತ್ತೆ ಕುರ್ಚಿಗೆ ಬಂದಂತೆ ಕೇಳಿಸುತ್ತದೆ. ‘ಪುನಃಪ್ರತಿಷ್ಠೆ’ ದೇವಸ್ಥಾನದ ಮಾತು. ‘ಪುನರ್ವಸತಿ’ಯಂತೂ ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟವರಿರುವ ಈ ತೀರದಲ್ಲಿ ಬೇರೆಯದೇ ನೋವಿನ ಪದ.

ಹುದ್ದೆಯ ಅರ್ಥ ತಪ್ಪೆಂದು ತಳ್ಳಿಹಾಕುವಂತೆಯೂ ಇಲ್ಲ. ಮತ್ತಾಯನ ಸುವಾರ್ತೆಯ 16ನೇ ಅಧ್ಯಾಯದಲ್ಲಿ ಯೇಸು ಪೇತ್ರನಿಗೆ ಕೊಟ್ಟ ಮಾತು ಇಲ್ಲಿ ಅಧಿಕಾರವಾಗಿ ಅವನ ಕೈಗೆ ಬಂತು ಎಂದು ಕಥೋಲಿಕ ಧರ್ಮಾಧ್ಯಕ್ಷರ 1870ರ ವ್ಯಾಟಿಕನ್ ಮಹಾಸಭೆ ಸಾರಿತು. ಕಥೋಲಿಕರ ನಂಬಿಕೆ ಅದೇ. ಮುರಿದ ಸಂಬಂಧ ಕೂಡಿತು, ಕುರಿಗಳು ಮಾತ್ರ ಯೇಸುವಿನವೇ ಎನ್ನುತ್ತಾರೆ ಅನೇಕ ಪ್ರಾಟೆಸ್ಟಂಟರು. ಹೀಗಾಗಿ ಪದ ಆರಿಸಿದರೆ ಪಕ್ಷ ಆರಿಸಿದಂತೆಯೇ.

ಮತ್ತಾಯನ ಆ ಅಧ್ಯಾಯದಲ್ಲಿ ಯೇಸು ‘ನೀನು ಪೇತ್ರನು, ಈ ಬಂಡೆಯ ಮೇಲೆ ನನ್ನ ಸಭೆಯನ್ನು ಕಟ್ಟುವೆನು’ ಎಂಬಲ್ಲಿಯೂ ಇದೇ ತೊಡಕು. ಗ್ರೀಕಿನಲ್ಲಿ ಹೆಸರು ಪೆಟ್ರೋಸ್, ಬಂಡೆ ಪೆಟ್ರಾ; ಯೇಸು ಆಡುತ್ತಿದ್ದ ಅರಮಾಯಿಕಿನಲ್ಲಿ ಎರಡಕ್ಕೂ ಕೇಫ. ಕನ್ನಡದ ಪೇತ್ರನಿಗೂ ಬಂಡೆಗೂ ನಂಟೇ ಕಾಣುವುದಿಲ್ಲ. ಬಂಡೆ ಪೇತ್ರನೇ, ಅವನ ನಂಬಿಕೆಯೇ, ಕ್ರಿಸ್ತನೇ? ಹಳೆಯ ಕ್ರೈಸ್ತ ಗುರುಗಳಲ್ಲಿ ಕ್ರಿಸೊಸ್ತೋಮ್ ನಂಬಿಕೆಯ ಅರಿಕೆ ಎಂದ. ಮೊದಲು ಪೇತ್ರನೆಂದಿದ್ದ ಇನ್ನೊಬ್ಬ ಗುರು ಅಗಸ್ಟೀನ್ ಆಮೇಲೆ ಕ್ರಿಸ್ತನೆಂದು, ಕೊನೆಗೆ ಓದುಗರೇ ಆರಿಸಿಕೊಳ್ಳಲಿ ಎಂದು ಬಿಟ್ಟ. ‘ಸಭೆ’ಯ ಬಗ್ಗೆ ನನಗೆ ತಕರಾರಿಲ್ಲ. ಮೂಲದ ಎಕ್ಲೇಸಿಯಾ ಎಂದರೆ ಕರೆದು ಕೂಡಿಸಿದ ಜನ. ಪೋರ್ಚುಗೀಸರ ಮೂಲಕ ಬಂದ ನಮ್ಮ ಕರಾವಳಿಯ ‘ಇಗರ್ಜಿ’ ಅದೇ ಬೇರಿನದು, ‘ಚರ್ಚ್’ ಅಲ್ಲ.

ನನ್ನನ್ನು ಬಹಳ ಕಾಡಿದ್ದು ಯೋಹಾನನ ಇನ್ನೊಂದು ಗ್ರೀಕ್ ಪದ: ಅಂತ್ರಾಕಿಯಾ, ಅಂದರೆ ಇದ್ದಲಿನ ಕೆಂಡ. ಹೊಸ ಒಡಂಬಡಿಕೆಯಲ್ಲಿ ಅದು ಬರುವುದು ಎರಡೇ ಕಡೆ. ಪೇತ್ರ ಚಳಿ ಕಾಯಿಸಿಕೊಳ್ಳುತ್ತ ಯೇಸುವನ್ನು ಅಲ್ಲಗಳೆದ ಅಂಗಳದಲ್ಲಿ ಒಮ್ಮೆ. ಯೇಸು ಮೀನು ಸುಟ್ಟು ಕಾದಿದ್ದ ದಡದಲ್ಲಿ ಇನ್ನೊಮ್ಮೆ. ಕರಟದ ಕೆಂಡದ ಮೇಲೆ ಬಂಗಡೆ ಇಟ್ಟಾಗ ಎಣ್ಣೆ ತೊಟ್ಟಿಕ್ಕಿ ಚಿಟ್ಟೆನ್ನುತ್ತದೆ, ಹೊಗೆ ಬಟ್ಟೆಗೆ ಅಂಟಿ ಮನೆಯವರೆಗೂ ಬರುತ್ತದೆ. ದಡಕ್ಕೆ ಈಜಿ ಬಂದ ಪೇತ್ರನ ಮೂಗಿಗೆ ಆ ಅಂಗಳದ ವಾಸನೆ ಬಡಿಯದೆ ಇದ್ದೀತೇ? ಒಂದು ಕಡೆ ‘ಬೆಂಕಿ’, ಇನ್ನೊಂದು ಕಡೆ ‘ಕೆಂಡ’ ಎಂದು ಬರೆದರೆ ಈ ಎಳೆ ಕಡಿಯುತ್ತದೆ. ಎರಡೂ ಕಡೆ ‘ಕೆಂಡ’ವನ್ನೇ ಇಟ್ಟಿದ್ದೇನೆ.

ಯೇಸು ಇಲ್ಲಿ ‘ಕ್ಷಮಿಸಿದೆ’ ಎನ್ನುವುದೇ ಇಲ್ಲ. ಮೊದಲು ಕರೆದು ಉಣಬಡಿಸುತ್ತಾನೆ, ಆಮೇಲೆ ಕೇಳುತ್ತಾನೆ, ಕೊನೆಗೆ ‘ನನ್ನನ್ನು ಹಿಂಬಾಲಿಸು’ ಎನ್ನುತ್ತಾನೆ. ಅದಕ್ಕೇ ‘ಮರುಕರೆ’ ಎಂಬ ಪದ ಹೊಳೆಯಿತು. ಆದರೆ ಊಟದ ಮಾತು ಅದರಲ್ಲಿ ಬರುವುದಿಲ್ಲ. ಬಹಿಷ್ಕಾರ ತೆಗೆದು ‘ಪಂಕ್ತಿಗೆ ಸೇರಿಸಿಕೊಳ್ಳುವುದು’ ಎಂಬ ಮಾತಿದೆಯಲ್ಲ, ಅದು ಹೆಚ್ಚು ಹತ್ತಿರ ಎನಿಸುತ್ತಿದೆ. ಶಿರಸಿ, ಸಿದ್ದಾಪುರದ ಕಡೆಯವರು ಹೇಳಬೇಕು: ನಿಮ್ಮಲ್ಲಿ ಇದಕ್ಕೆ ಒಂದೇ ಪದವಿದೆಯೇ? ಅದರಲ್ಲಿ ದಂಡ ಕಟ್ಟಿಸಿಕೊಂಡ ಅರ್ಥ ಸೇರಿದೆಯೇ?