ಹಳೆ ಮರದ ಬೀರು, ಊಟದ ಮೇಜು ಬೇಕು. ಬೆಂಗಳೂರಲ್ಲಿ ಎಲ್ಲಿ ಹುಡುಕಲಿ, ಮೋಸ ಹೋಗದೆ ಇರೋದು ಹೇಗೆ?

ಜಗಲಿಕಟ್ಟೆ:

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಬನಶಂಕರಿ ಕಡೆ ಒಂದು ಹಳೆ ಕಾಲದ ಮನೆಗೆ ಬಾಡಿಗೆಗೆ ಬಂದಿದ್ದೇವೆ. ಕೆಂಪು ಆಕ್ಸೈಡ್ ನೆಲ, ಮರದ ಕಿಟಕಿ, ಮುಂದೆ ಸಣ್ಣದೊಂದು ಜಗಲಿ. ನಮ್ಮ ಹತ್ತಿರ ಇರುವ ಸಾಮಾನು ಆ ಮನೆಗೆ ಒಂಚೂರೂ ಹೊಂದುತ್ತಿಲ್ಲ. ಅದು ಹೋಗಲಿ ಅಂದರೆ, ಮೂರು ಸಲ ಮನೆ ಬದಲಾಯಿಸಿದ್ದಕ್ಕೆ ಆ ಪಾರ್ಟಿಕಲ್ ಬೋರ್ಡ್ ಬೀರುವಿನಲ್ಲಿ ಒಂದು ಸ್ಕ್ರೂ ಕೂಡ ನಿಲ್ಲುತ್ತಿಲ್ಲ, ನೆಲ ಒರೆಸಿದ ನೀರು ಕುಡಿದು ಕುಡಿದು ಅದರ ತಳ ಇಡ್ಲಿ ತರಹ ಉಬ್ಬಿದೆ. ಹೊಸದು ತಗೊಂಡರೆ ಮತ್ತೆ ಅದೇ ಕಥೆ.

ಬೇಕಿರುವುದು ನಾಲ್ಕು ಜನ ಕೂರುವ ಊಟದ ಮೇಜು, ಒಂದು ಬೀರು. ಸಿಕ್ಕರೆ ನಮ್ಮ ತಾತ ಕೂರುತ್ತಿದ್ದಂಥ ಬೆತ್ತದ ಈಸಿ ಚೇರ್. ಎಲ್ಲಾ ಸೇರಿ 50 ಸಾವಿರ ದಾಟಬಾರದು.

ಹೋದ ಭಾನುವಾರ ಒಂದು ಅಂಗಡಿಗೆ ಹೋಗಿದ್ದೆವು. ಮೇಜು ತೋರಿಸಿ 'ಬ್ರಿಟಿಷರ ಕಾಲದ್ದು ಸಾರ್, ಬೀಟೆ, ರೋಸ್‌ವುಡ್, 120 ವರ್ಷ ಹಳೇದು' ಅಂದರು. 85 ಸಾವಿರ. ನನ್ನ ಹೆಂಡತಿ ಮೊಬೈಲ್ ಟಾರ್ಚ್ ಹಾಕಿ ಕೆಳಗೆ ಬಗ್ಗಿ ನೋಡಿದಳು, ಎಲ್ಲಾ ಕಡೆ ಪ್ಲಸ್ ಗುರುತಿನ ಸ್ಕ್ರೂ. ಕೇಳಿದ್ದಕ್ಕೆ 'ರಿಪೇರಿ ಮಾಡಿಸಿದ್ದು ಮೇಡಂ' ಅಂದರು. ಇರಬಹುದೇನೋ, ನಮಗಂತೂ ಗೊತ್ತಾಗಲಿಲ್ಲ, ಸುಮ್ನೆ ಬಂದೆವು.

ನಮ್ಮತ್ತೆ ಬೇರೆ 'ಯಾರೋ ಸತ್ತವರ ಮನೆ ಮಂಚ ಗಿಂಚ ತಂದೀರಿ ಜೋಕೆ' ಅಂತ ದಿನಾ ಫೋನ್ ಮಾಡುತ್ತಿದ್ದಾರೆ. ಅನುಭವ ಇರುವವರು ದಯವಿಟ್ಟು ಹೇಳಿ.

ಉಳಿ_ಸುತ್ತಿಗೆ:

ನಿಮ್ಮ ಹೆಂಡತಿಗೆ ಒಂದು ಸಲಾಂ. ಹತ್ತರಲ್ಲಿ ಒಂಬತ್ತು ಜನ ಮೇಜಿನ ಮೇಲೆ ಕೈ ಸವರಿ 'ಆಹಾ ಏನು ನುಣುಪು' ಅಂತ ದುಡ್ಡು ಕೊಟ್ಟು ಬರುತ್ತಾರೆ. ನಮ್ಮಪ್ಪ ಬಡಗಿ, ನಾನೂ ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಅಪ್ಪ ಹೇಳುತ್ತಿದ್ದುದು ಒಂದೇ ಮಾತು: ಮೇಲುಗಡೆ ಪಾಲಿಶ್‌ನವನ ಕೆಲಸ, ಕೆಳಗಡೆ ಆಚಾರಿ ಕೆಲಸ. ನೋಡೋದಾದರೆ ಆಚಾರಿ ಕೆಲಸ ನೋಡು.

ಸ್ಕ್ರೂ ವಿಷಯ ಮೊದಲು. ಪ್ಲಸ್ ಸ್ಕ್ರೂ ಮಾರುಕಟ್ಟೆಗೆ ಬಂದಿದ್ದೇ 1930ರ ದಶಕದಲ್ಲಿ, ಅದೂ ಅಮೆರಿಕದಲ್ಲಿ. ನಮ್ಮ ಕಡೆ ಬಡಗಿಗಳ ಕೈಗೆ ಬಂದಿದ್ದು ಇನ್ನೂ ಎಷ್ಟೋ ವರ್ಷ ಆದ ಮೇಲೆ. ಹಾಗಂತ ಒಂದು ಪ್ಲಸ್ ಸ್ಕ್ರೂ ಕಂಡ ಕೂಡಲೇ ಸುಳ್ಳು ಅನ್ನಬೇಡಿ, ರಿಪೇರಿ ನಿಜ ಇರಬಹುದು. ಆದರೆ ರಿಪೇರಿ ಆಗಿದ್ದರೆ ಪಕ್ಕದಲ್ಲೇ ಹಳೆ ತೂತು ಇರಬೇಕು, ಹಳೆ ಮೊಳೆಯ ತುಕ್ಕು ಮರಕ್ಕೆ ಇಳಿದು ಸುತ್ತ ಕಪ್ಪಾಗಿರಬೇಕು. ಅದು ಯಾವುದೂ ಇಲ್ಲದೆ ಎಲ್ಲಾ ಕಡೆ ಹೊಳೆಯುವ ಸ್ಕ್ರೂ ಇದ್ದರೆ ಅದು ಹೋದ ವರ್ಷ ಹುಟ್ಟಿದ ಮೇಜು.

ಆಮೇಲೆ ಡ್ರಾಯರ್ ಪೂರ್ತಿ ಎಳೆದು ಕೆಳಗಿಡಿ, ಅಂಗಡಿಯವರು ಗೊಣಗಿದರೆ ಗೊಣಗಲಿ. ಮೂಲೆಯ ಜಾಯಿಂಟ್ ನೋಡಿ. ಕೈಯಲ್ಲಿ ಕಡಿದ ಕಚ್ಚು ಎಲ್ಲವೂ ಒಂದೇ ಅಳತೆ ಇರುವುದಿಲ್ಲ, ಒಂದು ಸ್ವಲ್ಪ ಅಗಲ ಇದ್ದರೆ ಇನ್ನೊಂದು ಕಿರಿದು, ಗುರುತು ಹಾಕಿಕೊಂಡ ಸೂಜಿಗೆರೆ ಕೂಡ ಎಷ್ಟೋ ಸಲ ಹಾಗೇ ಉಳಿದಿರುತ್ತದೆ. ಡ್ರಾಯರ್ ಜಾರುವ ತಳದ ಅಂಚು ಸವೆದಿರಬೇಕು. ಐವತ್ತು ವರ್ಷ ತೆಗೆದು ಹಾಕಿದ ಡ್ರಾಯರ್ ಸವೆಯದೆ ಇರುತ್ತದಾ? ಹಿಂಬದಿಯ ಹಲಗೆಗೆ ಹಳೆ ಆಚಾರಿಗಳು ಪಾಲಿಶ್ ಹೊಡೆಯುತ್ತಿರಲಿಲ್ಲ, ಸರಿಯಾಗಿ ಕೀಸುಳಿ ಕೂಡ ಹಾಕುತ್ತಿರಲಿಲ್ಲ, ಯಾರು ನೋಡುತ್ತಾರೆ ಅಂತ. ಹಿಂದೆಯೂ ಮುಂದೆಯೂ ಒಂದೇ ಬಣ್ಣ ಇದ್ದರೆ ನನಗಂತೂ ಅನುಮಾನ ಬರುತ್ತದೆ. ದುಂಡು ಮೇಜಾದರೆ ಇನ್ನೂ ಸುಲಭ, ಟೇಪ್ ಹಿಡಿದು ಮರದ ಎಳೆಯ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಅಳೆಯಿರಿ. ಮರ ಒಣಗಿದಂತೆ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ನಿಜವಾಗಿ ಹಳೆಯದಾದ ದುಂಡು ಮೇಜು ಪೂರ್ತಿ ದುಂಡಗೆ ಇರುವುದಿಲ್ಲ.

ಈಗ ಮರ. ಬೀಟೆ ಅಂತ ಬಣ್ಣ ಬಳಿದ ಅಕೇಶಿಯಾ, ಸಾಗುವಾನಿ (ತೇಗ) ಅಂತ ಸಿಲ್ವರ್ ಓಕ್, ಎರಡನ್ನೂ ನಾನೇ ಬಿಚ್ಚಿ ನೋಡಿದ್ದೇನೆ. ಒಂದು ತುಂಡು ಉಪ್ಪುಕಾಗದ ಜೇಬಲ್ಲಿಟ್ಟುಕೊಂಡು ಹೋಗಿ, ಅಂಗಡಿಯವರನ್ನು ಕೇಳಿ ಕಾಣದ ಜಾಗದಲ್ಲಿ ಎರಡು ಸಲ ಉಜ್ಜಿ. ತೇಗವಾದರೆ ಎಣ್ಣೆ ಪಸೆಯ, ಚರ್ಮದಂಥ ವಾಸನೆ ಬರುತ್ತದೆ. ಬೀಟೆಯಾದರೆ ಒಳಗೂ ನೇರಳೆ ಕಂದು, ಮಧ್ಯೆ ಕಪ್ಪು ಗೆರೆ, ಒಂದು ಕುರ್ಚಿ ಎತ್ತಿದರೂ ತೂಕ ಗೊತ್ತಾಗುತ್ತದೆ. ಮೇಲಿನ ಬಣ್ಣ ಹೋಗಿ ಬಿಳಿ ಮರ ಕಂಡರೆ ಮುಂದೆ ಮಾತಾಡುವ ಅಗತ್ಯವೇ ಇಲ್ಲ.

ಬೆಲೆಗೆ ನಮ್ಮ ಲೆಕ್ಕ ಹೀಗೆ. ಎಷ್ಟು ವರ್ಷ ಹಳೇದು ಅನ್ನೋದನ್ನು ಪಕ್ಕಕ್ಕಿಟ್ಟು ಅದರಲ್ಲಿ ಎಷ್ಟು ಮರ ಇದೆ ನೋಡಿ. ಅಗಲ ಇಂಚಲ್ಲಿ, ದಪ್ಪ ಇಂಚಲ್ಲಿ, ಉದ್ದ ಅಡಿಯಲ್ಲಿ, ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ, ಅಂದರೆ ಸಿಎಫ್‌ಟಿ. 5 ಅಡಿ ಉದ್ದ, 36 ಇಂಚು ಅಗಲ, 1 ಇಂಚು ದಪ್ಪದ ಹಲಗೆ ಅಂದರೆ 1.25. ಮೂರಿಂಚು ದಪ್ಪದ ನಾಲ್ಕು ಕಾಲು, ಸುತ್ತಿನ ಪಟ್ಟಿ ಎಲ್ಲಾ ಸೇರಿದರೆ ಸುಮಾರು ಎರಡೂಕಾಲು ಸಿಎಫ್‌ಟಿ ಆಗುತ್ತದೆ. ಟಿಂಬರ್ ಅಂಗಡಿಗೆ ಫೋನ್ ಮಾಡಿ ಆ ದಿನದ ತೇಗದ ರೇಟ್ ಕೇಳಿ ಗುಣಿಸಿ, ಮೇಲೆ ಕೂಲಿ ಸೇರಿಸಿ. ಹೊಸದಾಗಿ ಮಾಡಿಸಿದರೆ ಎಷ್ಟಾಗುತ್ತದೆ ಅನ್ನುವುದು ಕೈಯಲ್ಲಿರುತ್ತದೆ. ಹಳೆ ಸಾಮಾನಿಗೆ ಅದಕ್ಕಿಂತ ಜಾಸ್ತಿ ಕೊಡುವುದಾದರೆ ಕೆತ್ತನೆಗೋ ಅಂದಕ್ಕೋ ಕೊಡುತ್ತಿದ್ದೀರಿ ಅಂತ ಗೊತ್ತಿದ್ದು ಕೊಡಿ.

ದಂಡು_ಪ್ರದೇಶ:

ಉಳಿ_ಸುತ್ತಿಗೆ ಅಣ್ಣ ಎಲ್ಲಾ ಹೇಳಿಬಿಟ್ಟಿದ್ದಾರೆ, ನಾನು ಜಾಗ ಹೇಳುತ್ತೇನೆ.

ಶಿವಾಜಿನಗರ. ರಸೆಲ್ ಮಾರ್ಕೆಟ್ ಸುತ್ತಮುತ್ತಲ ಗಲ್ಲಿಗಳಲ್ಲಿ ಹಳೆ ಸಾಮಾನಿನವರು ಸಿಗುತ್ತಾರೆ. ಭಾನುವಾರ ಹೋಗಬೇಡಿ, ಜನ ಜಾಸ್ತಿ, ಮಾತಾಡೋಕೆ ಯಾರಿಗೂ ಪುರಸೊತ್ತಿರಲ್ಲ. ಮಂಗಳವಾರ ಬುಧವಾರ ಬೆಳಿಗ್ಗೆ ಹೋಗಿ, ಟೀ ಕುಡಿಸುತ್ತಾರೆ. ಮುಂದೆ ಪಾಲಿಶ್ ಮಾಡಿ ನಿಲ್ಲಿಸಿರುವುದನ್ನು ಬಿಟ್ಟು 'ಒಳಗೆ ಪಾಲಿಶ್ ಆಗದೆ ಇರೋದು ಏನಿದೆ' ಅಂತ ಕೇಳಿ. ಧೂಳು ಹಿಡಿದ ಮಾಲೇ ಒಳ್ಳೇದು, ಮರ ಕಣ್ಣಿಗೆ ಕಾಣುತ್ತದೆ, ಬೆಲೆಯೂ ಕಡಿಮೆ.

ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ ದೊಡ್ಡ ಸಾಮಾನು ನಿರೀಕ್ಷೆ ಮಾಡಬೇಡಿ. ಆದರೆ ಹಿತ್ತಾಳೆ ಹಿಡಿಕೆ, ಹಳೆ ಬೀಗ, ಗಡಿಯಾರ, ಕನ್ನಡಿ ಚೌಕಟ್ಟು, ಇಂಥದ್ದಕ್ಕೆ ಬೆಳಿಗ್ಗೆ ಏಳಕ್ಕೇ ಹೋದರೆ ಮಜಾ ಇರುತ್ತೆ. ನಮ್ಮ ಬೀರುವಿನ ಕಳೆದುಹೋದ ಹಿಡಿಕೆಗೆ ಜೋಡಿ ಅಲ್ಲೇ ಸಿಕ್ಕಿದ್ದು.

ತಮಿಳುನಾಡಿನ ಕಾರೈಕುಡಿ, ಕೊಚ್ಚಿಯ ಮಟ್ಟಾಂಚೇರಿ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಎರಡೂ ಕಡೆ ಹೋಗಿದ್ದೇನೆ. ಕಾರೈಕುಡಿಯ ಮುನೀಶ್ವರನ್ ಕೋವಿಲ್ ಬೀದಿಯಲ್ಲಿ ಚೆಟ್ಟಿಯಾರರ ಮನೆಗಳಿಂದ ಬಂದ ಬರ್ಮಾ ತೇಗದ ಕಂಬ, ಬಾಗಿಲು, ಪೆಟ್ಟಿಗೆ ನೋಡಿದರೆ ಕಣ್ಣು ತುಂಬುತ್ತದೆ. ಆದರೆ ಒಂದು ಮೇಜಿಗೋಸ್ಕರ ಅಲ್ಲಿಂದ ಲಾರಿ ಬಾಡಿಗೆ ಕೊಟ್ಟು ತರೋದು ನಿಮ್ಮ ಬಜೆಟ್‌ಗೆ ಆಗದ ಮಾತು. ಮಟ್ಟಾಂಚೇರಿಯ ಜ್ಯೂ ಟೌನ್‌ನಲ್ಲಿ ಪ್ರವಾಸಿಗರ ರೇಟು. ನೋಡಿ ಬನ್ನಿ, ಅಷ್ಟೇ.

ನಿಜವಾಗಿ ಅಗ್ಗಕ್ಕೆ ಸಿಗುವುದು ಮನೆಗಳಿಂದಲೇ. ಜಯನಗರ, ಮಲ್ಲೇಶ್ವರ, ಬಸವನಗುಡಿಯಲ್ಲಿ ಹಳೆ ಮನೆ ಒಡೆದು ಅಪಾರ್ಟ್‌ಮೆಂಟ್ ಕಟ್ಟುವವರು ಸಾಮಾನು ಏನು ಮಾಡೋದು ಅಂತ ತಲೆ ಕೆಡಿಸಿಕೊಂಡಿರುತ್ತಾರೆ. ನಿಮ್ಮ ಏರಿಯಾದ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಹಾಕಿ, ಇಸ್ತ್ರಿಯವನಿಗೂ ಹೇಳಿಡಿ. ಯಾರ ಮನೆ ಖಾಲಿ ಆಗುತ್ತಿದೆ ಅಂತ ಅವನಿಗೆ ಮೊದಲು ಗೊತ್ತಿರುತ್ತೆ.

ಆನ್‌ಲೈನ್ ಜಾಹೀರಾತು ನೋಡುವುದಾದರೆ ಒಂದು ಎಚ್ಚರ. 'ಮಿಲಿಟರಿಯವನು, ವರ್ಗ ಆಗಿದೆ, ಅರ್ಜೆಂಟ್, ಅಡ್ವಾನ್ಸ್ ಹಾಕಿ' ಅಂದರೆ ಫೋನ್ ಇಟ್ಟುಬಿಡಿ. ಮನೆಗೆ ಹೋಗಿ ಸಾಮಾನು ಮುಟ್ಟಿ ನೋಡುವ ತನಕ ಒಂದು ರೂಪಾಯಿಯನ್ನೂ ಕಳಿಸಬೇಡಿ.

ನಿದ್ದೆಗೆಟ್ಟವನು:

ಒಂದೇ ಮಾತು. ತಿಗಣೆ.

2 ಸಾವಿರಕ್ಕೆ ಚೆಂದದ ಸೋಫಾ ಸಿಕ್ಕಿತು ಅಂತ ತಂದೆ. ಆಮೇಲೆ ಪೆಸ್ಟ್ ಕಂಟ್ರೋಲ್‌ಗೆ ಕೊಟ್ಟಿದ್ದು ಅದರ ನಾಲ್ಕು ಪಟ್ಟು, ಮೂರು ತಿಂಗಳು ನಿದ್ದೆ ಇಲ್ಲ, ನೆಂಟರು ಮನೆಗೆ ಬರುವುದನ್ನೇ ಬಿಟ್ಟರು (ಅದೊಂದು ಲಾಭ). ಮೆತ್ತೆ, ಹಾಸಿಗೆ, ಬಟ್ಟೆ ಹೊದೆಸಿದ ಯಾವುದನ್ನೂ ಸೆಕೆಂಡ್ ಹ್ಯಾಂಡ್ ತರಬೇಡಿ. ಮರದ ಮಂಚವಾದರೂ ಸಂದಿಯಲ್ಲಿ, ಸ್ಕ್ರೂ ತೂತಿನಲ್ಲಿ, ಬೆತ್ತದ ಅಂಚಿನಲ್ಲಿ ಟಾರ್ಚ್ ಬಿಟ್ಟು ನೋಡಿ. ಶಾಯಿ ಚುಕ್ಕೆ ಇಟ್ಟ ಹಾಗೆ ಕಪ್ಪು ಕಲೆ ಕಂಡರೆ ಓಡಿ.

ಅಡಿಕೆ_ಅಂಗಳ:

ತೀರ್ಥಹಳ್ಳಿ ಕಡೆಯವನು. ನಮ್ಮಲ್ಲಿ ಮನೆ ಹಿಸ್ಸೆ ಆದಾಗ ತೊಟ್ಟಿಮನೆ ಬಿಚ್ಚುತ್ತಾರೆ. ಮರ ಕೊಳ್ಳುವವರು ಬೆಂಗಳೂರಿಂದಲೇ ಬಂದು ನಿಂತಿರುತ್ತಾರೆ. ಮುಂಡಿಗೆ (ಮರದ ಕಂಬ), ಬಾಗಿಲವಾಡ (ಬಾಗಿಲ ಚೌಕಟ್ಟು), ಪೆಟ್ಟಿಗೆ, ಎಲ್ಲಾ ಲಾಟಿನಲ್ಲಿ ಮಾತಾಡಿ ಒಯ್ದು, ಕೊನೆಗೆ ಅದೇ ಮುಂಡಿಗೆ ಯಾವುದೋ ರೆಸಾರ್ಟಿನಲ್ಲಿ ಟಿವಿ ಸ್ಟ್ಯಾಂಡಾಗಿ ಕಾಣುತ್ತದೆ. ನನಗಂತೂ ಹೊಟ್ಟೆ ಉರಿಯುತ್ತದೆ, ಆದರೆ ಮಳೆಯಲ್ಲಿ ಕೊಳೆಯೋದಕ್ಕಿಂತ ವಾಸಿ ಅಂತ ಸಮಾಧಾನ ಮಾಡಿಕೊಳ್ಳುವುದು. ಹಳೆ ಮನೆ ಸಾಮಾನು ಅಂದರೆ ಏನು ಅಂತ ಕಣ್ಣು ಪಳಗಬೇಕಾದರೆ ಅಂಗಡಿಗೆ ಹೋಗುವ ಮೊದಲು ಮಣಿಪಾಲಕ್ಕೆ ಹೋಗಿ ಬನ್ನಿ. ವಿಜಯನಾಥ ಶೆಣೈ ಅವರು ಇಡೀ ಇಡೀ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದಾರೆ, ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಅಂತ. ಒಂದು ದಿನ ಅಲ್ಲಿ ಸುತ್ತಿದರೆ ಆಮೇಲೆ ಯಾರೂ ನಿಮಗೆ ಹೊಸದನ್ನು ಹಳೇದು ಅಂತ ಮಾರುವುದು ಕಷ್ಟ.

ಮಲೆನಾಡು, ಕರಾವಳಿಯಿಂದ ತಂದ ಸಾಮಾನಿಗೆ ಎರಡು ತೊಂದರೆ. ಒಂದು ಕುಟ್ಟೆ, ಮರ ಕೊರೆಯುವ ಹುಳ. ಸಣ್ಣ ಸಣ್ಣ ತೂತು ಇದ್ದ ಮಾತ್ರಕ್ಕೆ ಹೆದರಬೇಡಿ, ಹುಳ ಎಂದೋ ಹೋಗಿರಬಹುದು. ಕೆಳಗೆ ಕಪ್ಪು ಬಟ್ಟೆ ಹಾಸಿ, ಹಲಗೆಗೆ ಕೈಯಿಂದ ಗುದ್ದಿ. ಗೋಧಿ ಹಿಟ್ಟಿನಂಥ ಹುಡಿ ಉದುರಿದರೆ ಹುಳ ಇನ್ನೂ ಒಳಗಿರುವ ಸಾಧ್ಯತೆ ಹೆಚ್ಚು. ಹೆಚ್ಚಾಗಿ ಅದು ತಿನ್ನುವುದು ಬೆಳ್ಳಗಿನ ಹೊರಮರವನ್ನು, ತೇಗದ ಚೇಗಿಗೆ, ಅಂದರೆ ಒಳಗಿನ ಗಟ್ಟಿ ಮರಕ್ಕೆ, ಅಷ್ಟು ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಎರಡನೆಯದು ಹವೆ. ನಮ್ಮ ತೇವದಲ್ಲಿ ನೂರು ವರ್ಷ ಇದ್ದ ಮರ ಬೆಂಗಳೂರಿನ ಬೇಸಿಗೆ ನೋಡಿದ ಕೂಡಲೇ ಸಂದಿ ಬಿಡುತ್ತದೆ. ಒಂದು ಬೇಸಿಗೆ ಕಳೆದ ಮೇಲೆ ರಿಪೇರಿ ಮಾಡಿಸಿ, ಬಂದ ವಾರವೇ ಬೇಡ.

ಮತ್ತೆ, ಮನೆ ಬಿಚ್ಚಿದ ತೊಲೆ ಹಲಗೆಗಳನ್ನು ನೀವೇ ಲಾರಿಯಲ್ಲಿ ಹಾಕಿಕೊಂಡು ಹೊರಡಬೇಡಿ. ಬೀಟೆ, ಸಾಗುವಾನಿ ಅಂದರೆ ಚೆಕ್‌ಪೋಸ್ಟಿನಲ್ಲಿ ನಿಲ್ಲಿಸುತ್ತಾರೆ. ರಹದಾರಿ (ಮರ ಸಾಗಿಸುವ ಪರ್ಮಿಟ್) ಬಗ್ಗೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ.

ದೂರದ_ಊರು:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಮೈಸೂರಿನ ಮನೆಯಲ್ಲಿ ಅಜ್ಜನ ಬೀಟೆ ಟೀಪಾಯಿ ಇದೆ, ಮೇಲೆ ಆನೆಯ ಇನ್‌ಲೇ ಕೆಲಸ. ಇಲ್ಲಿಗೆ ತರಿಸಬಹುದಾ?

ದಂಡು_ಪ್ರದೇಶ:

@ದೂರದ_ಊರು ಸುಮ್ನೆ ಅಲ್ಲೇ ಇರಲಿ ಬಿಡಿ. ಇನ್‌ಲೇಯಲ್ಲಿರುವ ಬಿಳಿ ಭಾಗ ದಂತವಾಗಿದ್ದರೆ ಮುಗೀತು, ಅದನ್ನು ಮಾರುವ ಹಾಗೂ ಇಲ್ಲ, ಸಾಗಿಸುವ ಹಾಗೂ ಇಲ್ಲ. ಪ್ಲಾಸ್ಟಿಕ್ ಆಗಿದ್ದರೂ ಬೀಟೆಗೆ 2017ರಿಂದ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ನಿಯಮ ಇದೆ. ನೂರು ವರ್ಷ ದಾಟಿದ್ದರೆ 1972ರ ಪ್ರಾಚ್ಯವಸ್ತು ಕಾಯಿದೆಯೂ ಅಡ್ಡ ಬರುತ್ತದೆ. ರಜೆಗೆ ಬಂದಾಗ ಅದರ ಮೇಲೆ ಕಾಫಿ ಇಟ್ಟುಕೊಂಡು ಕುಡೀರಿ.

ಜಗಲಿಕಟ್ಟೆ:

ಮೂರು ವಾರ ಆಯಿತು, ಏನಾಯಿತು ಅಂತ ಹೇಳಲೇಬೇಕು.

ಶಿವಾಜಿನಗರದಲ್ಲಿ ಮಂಗಳವಾರ ಹೋಗಿ 'ಪಾಲಿಶ್ ಆಗದೆ ಇರೋದು' ಅಂತ ಕೇಳಿದೆ, ಅಂಗಡಿಯವರು ನನ್ನ ಮುಖ ಒಮ್ಮೆ ನೋಡಿ ಒಳಗೆ ಕರೆದುಕೊಂಡು ಹೋದರು. ಹಿಂದಿನ ಕೋಣೆಯಲ್ಲಿ ಗೋಣಿಚೀಲದ ಕೆಳಗೆ ಒಂದು ಮೇಜು. ತೇಗ, ಒಂದು ಕಾಲು ಅಲ್ಲಾಡುತ್ತಿತ್ತು, ಹಲಗೆ ಮೇಲೆ ಯಾರೋ ಇಸ್ತ್ರಿ ಪೆಟ್ಟಿಗೆ ಇಟ್ಟ ಸುಟ್ಟ ಗುರುತು. 32 ಸಾವಿರ ಹೇಳಿದರು. ಅಲ್ಲೇ ಟೇಪ್ ಹಿಡಿದು ಸಿಎಫ್‌ಟಿ ಲೆಕ್ಕ ಹಾಕಲು ಕೂತೆ, ಅವರೇ ನಕ್ಕು 'ಯಾರು ಕಲಿಸಿಕೊಟ್ಟರು ಸಾರ್' ಅಂದರು. 19ಕ್ಕೆ ಮುಗಿಯಿತು. ಎಷ್ಟು ವರ್ಷ ಹಳೇದು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಬೀರು ಇಸ್ತ್ರಿಯವನ ಕಡೆಯಿಂದಲೇ ಸಿಕ್ಕಿತು! ಎರಡು ಬೀದಿ ಆಚೆ ಒಬ್ಬರು ಅಜ್ಜಿ ಮಗಳ ಮನೆಗೆ ಹೋಗುತ್ತಿದ್ದರು. ಒಳಬಾಗಿಲಿನ ಮೇಲೆ ಹಾಲಿನ ಲೆಕ್ಕ, ಗ್ಯಾಸ್ ಬುಕ್ ಮಾಡಿದ ತಾರೀಖು, ಎಲ್ಲಾ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದಾರೆ. 12 ಸಾವಿರ ಕೊಟ್ಟೆವು, ಜೊತೆಗೆ ಬೆತ್ತ ಹರಿದ ಈಸಿ ಚೇರ್ ಒಂದನ್ನು 'ಇದನ್ನೂ ತಗೊಂಡು ಹೋಗಪ್ಪಾ' ಅಂತ ಸುಮ್ನೆ ಕೊಟ್ಟರು. ಅಜ್ಜಿ ಬದುಕಿದ್ದಾರೆ, ಗಟ್ಟಿಮುಟ್ಟಾಗಿದ್ದಾರೆ ಅಂತ ಅತ್ತೆಗೆ ಫೋನ್ ಮಾಡಿ ಹೇಳಿದ್ದಾಯಿತು.

ತಪ್ಪು ಮಾಡಿದ್ದು ಒಂದೇ, ಬಾಗಿಲು ಅಳೆಯಲಿಲ್ಲ. ಬೀರು ಕೋಣೆಯೊಳಗೆ ಹೋಗಲೇ ಇಲ್ಲ. ಈಗ ಹಾಲ್‌ನಲ್ಲಿದೆ. ಟೆಂಪೋದವನಿಗೆ 1,800, ಎತ್ತಿದವರಿಗೆ 1,200.

@ಉಳಿ_ಸುತ್ತಿಗೆ ಅಣ್ಣ, ಪಾಲಿಶ್ ಏನು ಮಾಡಿಸಲಿ? ಮತ್ತೆ ಬೆತ್ತ?

ಉಳಿ_ಸುತ್ತಿಗೆ:

ಒಳ್ಳೆ ಕೆಲಸ ಆಯಿತು. ಪಾಲಿಶ್‌ಗೆ ಅವಸರ ಬೇಡ. ಮೊದಲು ಕಾಣದ ಜಾಗದಲ್ಲಿ ಹತ್ತಿಗೆ ಸ್ಪಿರಿಟ್ ಅದ್ದಿ ಒತ್ತಿ ನೋಡಿ. ಅಂಟಂಟಾಗಿ ಕರಗಿ ಬಂದರೆ ಅದು ಅರಗಿನ ಹಳೆ ಫ್ರೆಂಚ್ ಪಾಲಿಶ್. ಅದನ್ನು ಕಿತ್ತು ತೆಗೆಯುವ ಅಗತ್ಯ ಇಲ್ಲ, ಮೇಲೆಯೇ ಇನ್ನೆರಡು ಕೈ ಹೊಡೆಸಿದರೆ ಸಾಕು. ಬೀರುವಿಗೆ ಅದೇ ಚೆಂದ. ಊಟದ ಮೇಜಿಗೆ ಮಾತ್ರ ಬೇಡ, ಬಿಸಿ ಸಾರಿನ ಪಾತ್ರೆ ಇಟ್ಟರೆ ಬಿಳಿ ಮಚ್ಚೆ ಬೀಳುತ್ತದೆ. ಅದಕ್ಕೆ ಹಳೇದನ್ನು ಉಜ್ಜಿ ತೆಗೆದು ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್) ಲೇಪ ಮಾಡಿಸಿ, ಹೊಳಪು ಬೇಡ, ಮ್ಯಾಟ್ ಅಂತ ಒತ್ತಿ ಹೇಳಿ, ಇಲ್ಲದಿದ್ದರೆ ಕನ್ನಡಿ ಮಾಡಿಬಿಡುತ್ತಾರೆ. ಅಲ್ಲಾಡುವ ಕಾಲಿಗೆ ಎಲ್ ಆಕಾರದ ಕಬ್ಬಿಣದ ಪಟ್ಟಿ ಹೊಡೆಯೋಕೆ ಬಿಡಬೇಡಿ, ಬಿಚ್ಚಿ ಕಚ್ಚು ಸರಿ ಮಾಡಿ ಫೆವಿಕಾಲ್ ಹಾಕಿ ಕೂರಿಸಬೇಕು.

ಬೆತ್ತ ಹೆಣೆಯುವವರಲ್ಲಿ ಪ್ಲಾಸ್ಟಿಕ್ ಎಳೆಯೂ ಇರುತ್ತದೆ, ಬೇಕಿದ್ದು ನಿಜವಾದ ಬೆತ್ತ ಅಂತ ಮೊದಲೇ ಮಾತಾಡಿ. ಆರು ತಿಂಗಳಿಗೊಮ್ಮೆ ಒದ್ದೆ ಬಟ್ಟೆಯಿಂದ ಅಡಿಭಾಗ ಒರೆಸಿ ನೆರಳಲ್ಲಿ ಒಣಗಿಸಿ, ಜೋಲಿದ್ದು ಬಿಗಿಯುತ್ತದೆ.

ಆ ಪೆನ್ಸಿಲ್ ಬರಹದ ಬಾಗಿಲನ್ನು ಪಾಲಿಶ್‌ನವನ ಕೈಗೆ ಕೊಡಬೇಡಿ. ಉಜ್ಜಿಬಿಡುತ್ತಾನೆ.

ಜಗಲಿಕಟ್ಟೆ:

ಕೊಡಲ್ಲ ಅಣ್ಣ. ಹಾಲಿನ ಲೆಕ್ಕದ ಕೆಳಗೆ ನಮ್ಮವಳು ಆಗಲೇ ನಮ್ಮ ಲೆಕ್ಕ ಬರೆಯೋಕೆ ಶುರು ಮಾಡಿದ್ದಾಳೆ.