ಮೊಜಾರ್ಟ್ ಕೇಳಿಸಿದ್ರೆ ಮಗು ಜಾಣ ಆಗುತ್ತಾ? ಮನೆ ಗ್ರೂಪಿನ ಜಟಾಪಟಿ

ಸುಧಾ ಅತ್ತೆ: (ಫಾರ್ವರ್ಡ್) ದಿನಾ 10 ನಿಮಿಷ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಗಾರ ಮೊಜಾರ್ಟ್ ರಚಿಸಿದ ಸಂಗೀತ ಕೇಳಿಸಿ, ಮಗುವಿನ ಐಕ್ಯೂ 9 ಅಂಕ ಏರುತ್ತದೆ! ವಿಜ್ಞಾನಿಗಳೇ ಸಾಬೀತು ಮಾಡಿದ್ದಾರೆ. ಎಲ್ಲ ತಾಯಂದಿರಿಗೂ ತಲುಪಿಸಿ 🙏

ಸುಧಾ ಅತ್ತೆ: ವಾಣಿ, ನಿನಗೋಸ್ಕರವೇ ಹಾಕಿದ್ದು.

ದೊಡ್ಡಪ್ಪ: ಒಳ್ಳೆಯ ವಿಚಾರ. ಸಂಗೀತ ಇರೋ ಮನೇಲಿ ಮಕ್ಕಳು ದಾರಿ ತಪ್ಪಲ್ಲ. ಈಗಿನ ಅಪ್ಪ ಅಮ್ಮಂದಿರಿಗೆ ಇದಕ್ಕೆಲ್ಲ ಪುರುಸೊತ್ತೆಲ್ಲಿ?

ರವಿ: ಅತ್ತೆ, ಇದರ ಮೂಲ ಯಾವುದು?

ಸುಧಾ ಅತ್ತೆ: ಶುರು ಮಾಡಿದ ನೋಡಿ.

ರವಿ: ಮೂಲ 1993ರಲ್ಲಿ ನೇಚರ್ ಅನ್ನೋ ವಿಜ್ಞಾನ ಪತ್ರಿಕೇಲಿ ಬಂದ ಒಂದೇ ಪುಟದ ವರದಿ. ಪ್ರಯೋಗ ನಡೆದಿದ್ದು 36 ಕಾಲೇಜು ವಿದ್ಯಾರ್ಥಿಗಳ ಮೇಲೆ, ಒಂದು ಮಗುವೂ ಇರಲಿಲ್ಲ. ಮೊಜಾರ್ಟ್ ಎರಡು ಪಿಯಾನೊಗಳಿಗೆ ಬರೆದ ಸೊನಾಟಾ ಅನ್ನೋ ವಾದ್ಯ ರಚನೆ (ಅವರ ಕೃತಿಪಟ್ಟಿಯಲ್ಲಿ ಕೆ. 448) 10 ನಿಮಿಷ ಕೇಳಿಸಿದ್ರು. ಆಮೇಲೆ ಆಕಾರಗಳ ಪರೀಕ್ಷೆ. ಕಾಗದ ಮಡಚಿ ಕತ್ತರಿಸಿದ ಚಿತ್ರ ತೋರಿಸ್ತಾರೆ, ಬಿಚ್ಚಿದಾಗ ಅದು ಹೇಗೆ ಕಾಣುತ್ತೆ ಅಂತ ಮನಸ್ಸಲ್ಲೇ ಬಿಚ್ಚಿ ನೋಡಿ ಹೇಳಬೇಕು. ಆ 8–9 ಅಂಕ ಇಂಥ ಪ್ರಶ್ನೆಗಳಲ್ಲಿ ಮಾತ್ರ ಬಂದಿದ್ದು. ಅದೂ 10–15 ನಿಮಿಷಕ್ಕೆ ಇಳಿದುಹೋಯ್ತು.

ಗಿರೀಶ: ಕಾಗದ ಮಡಚೋದು ಅಂದ್ರೆ ನೆನಪಾಯ್ತು, ತಾತನ ಟೇಪ್ ರೆಕಾರ್ಡರ್ ಕ್ಯಾಸೆಟ್ ನುಂಗಿದಾಗೆಲ್ಲ ನಾವು ಪೆನ್ಸಿಲ್ ತೂರಿಸಿ ಸುತ್ತುತ್ತಿದ್ವಲ್ಲ!

ಸುಧಾ ಅತ್ತೆ: ಆ ಟೇಪ್ ರೆಕಾರ್ಡರ್ ಕೆಡಿಸಿದ್ದು ಯಾರು ಅಂತ ಎಲ್ರಿಗೂ ಗೊತ್ತು ಗಿರೀಶ.

ದೊಡ್ಡಪ್ಪ: ಸರ್ಕಾರಗಳೇ ಒಪ್ಪಿದ್ವು ಅಂತ ಓದಿದ ನೆನಪು.

ವಾಣಿ: ಹೌದು ದೊಡ್ಡಪ್ಪ, ಅಮೆರಿಕದ ಜಾರ್ಜಿಯಾದಲ್ಲಿ. 1998ರಲ್ಲಿ ಗವರ್ನರ್ ಝೆಲ್ ಮಿಲ್ಲರ್, ಹುಟ್ಟಿದ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತ ಕೊಡೋಕೆ 1,05,000 ಡಾಲರ್ ಬೇಕು ಅಂತ ಬಜೆಟ್‌ನಲ್ಲಿ ಕೇಳಿದ್ರು. ಆದ್ರೆ ಬಜೆಟ್‌ಗೆ ಬಂತು ಅಂತ ಸಂಶೋಧನೆ ನಿಜ ಆಗಲ್ಲ. 1999ರಲ್ಲೇ ಬೇರೆಯವರು ಅದೇ ಪ್ರಯೋಗ ಮಾಡಿದಾಗ ಆ ಫಲ ಸಿಗಲಿಲ್ಲ.

ರವಿ: ಅದೇ ವರ್ಷದ ಇನ್ನೊಂದು ಪ್ರಯೋಗ ಇದಕ್ಕಿಂತ ಮುಖ್ಯ. ಮೊಜಾರ್ಟ್ ಬದಲು ಅಮೆರಿಕದ ಕಾದಂಬರಿಕಾರ ಸ್ಟೀಫನ್ ಕಿಂಗ್ ಬರೆದ ಕಥೆ ಕೇಳಿಸಿ ನೋಡಿದ್ರು. ಕಥೆ ಇಷ್ಟಪಟ್ಟವರು ಕಥೆ ಕೇಳಿದ ಮೇಲೆ ಚೆನ್ನಾಗಿ ಮಾಡಿದ್ರು, ಸಂಗೀತ ಇಷ್ಟಪಟ್ಟವರು ಸಂಗೀತ ಕೇಳಿದ ಮೇಲೆ. ಮೊದಲ ಪ್ರಯೋಗದಲ್ಲಿ ಹೋಲಿಸಿದ್ದು ಮೌನ ಮತ್ತು ಮೈಸಡಿಲಿಸೋ ಟೇಪ್ ಜೊತೆ. ಎರಡೂ ಜೊಂಪು ಹತ್ತಿಸುವಂಥವೇ! ಮನಸ್ಸು ಚುರುಕಾದವರು ಸ್ವಲ್ಪ ಹೊತ್ತು ಚೆನ್ನಾಗಿ ಯೋಚಿಸ್ತಾರೆ, ಬುದ್ಧಿ ಬೆಳೆದಿರಲ್ಲ. ಅಂಕ ಏರಿತು ಅಂದಾಗ ಯಾವುದಕ್ಕೆ ಹೋಲಿಸಿ ಅಂತ ಮೊದಲು ನೋಡಬೇಕು.

ಸುಧಾ ಅತ್ತೆ: ವಿಡಿಯೊ ಗೇಮ್ ಆಡೋ ಸರ್ಜನ್‌ಗಳು ತಪ್ಪು ಕಮ್ಮಿ ಮಾಡ್ತಾರೆ ಅಂತ ಗಿರೀಶ ಹಾಕಿದಾಗ ನೀನು ಮೂಲ ಕೇಳಲಿಲ್ಲ. ನನ್ನದಕ್ಕೆ ಮಾತ್ರ ಯಾಕೆ?

ಗಿರೀಶ: ಅದು ನಿಜವಾದ ಅಧ್ಯಯನ ಅತ್ತೆ. 2007ರದ್ದು!

ವಾಣಿ: ಅಧ್ಯಯನ ನಿಜ, ಆದ್ರೆ ಅದರಲ್ಲಿದ್ದದ್ದು 33 ವೈದ್ಯರು. ಹಿಂದೆ ವಾರಕ್ಕೆ 3 ಗಂಟೆಗಿಂತ ಹೆಚ್ಚು ಆಡಿದ್ದವರು ಕೀಹೋಲ್ ಸರ್ಜರಿಯ (ಸಣ್ಣ ತೂತಿನ ಮೂಲಕ ಮಾಡೋ ಶಸ್ತ್ರಚಿಕಿತ್ಸೆ) ತರಬೇತಿ ಕಸರತ್ತಲ್ಲಿ 37% ಕಮ್ಮಿ ತಪ್ಪು ಮಾಡಿದ್ರು, ರೋಗಿಗಳ ಮೇಲಲ್ಲ. ಕೈಚಳಕ ಇದ್ದವರೇ ಗೇಮ್‌ಗೆ ಒಲಿದಿರಬಹುದು. ಈ ವಿಷಯದಲ್ಲಿ ಅತ್ತೆ ಹೇಳಿದ್ದು ಸರಿ, ಇಬ್ಬರಿಗೂ ಒಂದೇ ಪ್ರಶ್ನೆ ಕೇಳಬೇಕು.

ಸುಧಾ ಅತ್ತೆ: ಕೇಳಿಸಿಕೊಂಡ್ಯಾ ರವಿ.

ದೊಡ್ಡಪ್ಪ: ಹಾಗಾದ್ರೆ ಮಕ್ಕಳಿಗೆ ಸಂಗೀತ ಕಲಿಸೋದೂ ದಂಡವಾ?

ವಾಣಿ: ಕೇಳೋದು ಬೇರೆ, ಕಲಿಯೋದು ಬೇರೆ ದೊಡ್ಡಪ್ಪ. 2004ರಲ್ಲಿ 6 ವರ್ಷದ 144 ಮಕ್ಕಳನ್ನ ಗುಂಪು ಮಾಡಿ ಕೀಬೋರ್ಡ್, ಹಾಡು, ನಾಟಕ ಕಲಿಸಿದ್ರು, ಒಂದು ಗುಂಪಿಗೆ ಏನೂ ಇಲ್ಲ. ವರ್ಷದ ಕೊನೆಗೆ ಐಕ್ಯೂ ಎಲ್ಲರದ್ದೂ ಏರಿತ್ತು, ಸಂಗೀತದವರದ್ದು ಸುಮಾರು 3 ಅಂಕ ಹೆಚ್ಚು. ಬೇರೆ ಮಕ್ಕಳ ಜೊತೆ ಬೆರೆಯೋದರಲ್ಲಿ ನಾಟಕದವರು ಮುಂದೆ ಬಂದ್ರು.

ರವಿ: 2020ರಲ್ಲಿ 54 ಅಧ್ಯಯನ ಒಟ್ಟು ಸೇರಿಸಿ ನೋಡಿದಾಗ, ಸಂಗೀತದ ಬದಲು ಬೇರೇನಾದ್ರೂ ಕಲಿತವರಿಗೆ ಹೋಲಿಸಿದ್ರೆ ಆ ಲಾಭವೂ ಸೊನ್ನೆಗೆ ಹತ್ತಿರ.

ದೊಡ್ಡಪ್ಪ: ನಾಟಕದ ವಿಷಯ ಚೆನ್ನಾಗಿದೆ. ವಾಣಿ, ಲಿಂಕ್ ಕಳಿಸಮ್ಮ. ರವಿ, ಅತ್ತೆಗೆ ಫೋನ್ ಮಾಡು.