ಸಾಲ್ವೇಜ್ ಲಾಗಿಂಗ್‌ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ಒಂದು ಪದದ ಹತ್ತಿರ ನಿಂತುಬಿಟ್ಟಿದ್ದೇನೆ. ಕಾಡಿಗೆ ಬೆಂಕಿ ಬಿದ್ದ ಮೇಲೋ, ಬಿರುಗಾಳಿ ಬೀಸಿದ ಮೇಲೋ, ಹುಳ ಹತ್ತಿದ ಮೇಲೋ ಅಲ್ಲಿನ ಮರಗಳನ್ನು ನಾಟಾಕ್ಕೆಂದು ಕಡಿದು ಸಾಗಿಸುತ್ತಾರಲ್ಲ, ಅದಕ್ಕೆ ಇಂಗ್ಲಿಷಿನಲ್ಲಿ ಸಾಲ್ವೇಜ್ ಲಾಗಿಂಗ್ ಅನ್ನುತ್ತಾರೆ. ಅಮೆರಿಕದ ಆರೆಗನ್ ಕಾಡಿನ ಬಗ್ಗೆ ಬರೆಯುವಾಗ ಮೊದಲು ‘ರಕ್ಷಣಾ ಕಡಿತ’ ಅಂತ ಹಾಕಿದ್ದೆ. ನನ್ನ ತಂಗಿ ಓದಿ, “ಕಾಡು ಉಳಿಸೋಕೆ ಮರ ಕಡೀತಾರಾ?” ಅಂದಳು. ತಕ್ಷಣ ಅಳಿಸಿದೆ.

ಸಾಲ್ವೇಜ್ ಮೂಲದಲ್ಲಿ ಹಡಗಿನವರ ಮಾತು. ಅಪಾಯಕ್ಕೆ ಸಿಕ್ಕ ಹಡಗನ್ನೋ ಸರಕನ್ನೋ ಉಳಿಸಿಕೊಟ್ಟವರಿಗೆ ಸಲ್ಲುವ ಹಣಕ್ಕೆ ಆ ಹೆಸರು. ಅಂದರೆ ಇಲ್ಲಿ ಉಳಿಯುವುದು ಮರದ ಬೆಲೆ. ಕಾಡೂ ಉಳಿಯುತ್ತದಾ ಅನ್ನುವುದೇ ಅಲ್ಲಿನ ಜಗಳ.

2002ರಲ್ಲಿ ‘ಬಿಸ್ಕಿಟ್’ ಅನ್ನುವ ಹೆಸರಿನ ಕಾಳ್ಗಿಚ್ಚು ಆರೆಗನ್‌ನಲ್ಲಿ ಸುಮಾರು 5 ಲಕ್ಷ ಎಕರೆಗೆ ಹಬ್ಬಿತ್ತು. ಸುಟ್ಟ ಮರ ಬೇಗ ಕಡಿಯದಿದ್ದರೆ ಹುಳ ಹಿಡಿದು ಹಾಳಾಗುತ್ತದೆ, ಕಡಿದರೆ ಹೊಸ ಸಸಿ ನೆಡಬಹುದು ಅಂತ ಒಂದು ಕಡೆಯವರು. ಆದರೆ 2006ರಲ್ಲಿ ಆರೆಗನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕ ಡೇನಿಯಲ್ ಡೊನಾಟೊ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದ ಲೆಕ್ಕ ಬೇರೆಯೇ ಇತ್ತು. ಹೆಕ್ಟೇರಿಗೆ 767ರಷ್ಟು ಸಸಿ ತಾವಾಗಿಯೇ ಹುಟ್ಟಿದ್ದವು. ಕಡಿದ ಮೇಲೆ ಉಳಿದದ್ದು 224. ನೆಲದಲ್ಲಿ ಬಿದ್ದ ರೆಂಬೆ, ಚೂರುಗಳು ಜಾಸ್ತಿಯಾಗಿ ಮುಂದಿನ ಬೆಂಕಿಗೂ ಮೇವು. ಅವರದೇ ವಿಶ್ವವಿದ್ಯಾಲಯದ ಕೆಲವು ಪ್ರಾಧ್ಯಾಪಕರು ಆ ಲೇಖನ ಅಚ್ಚಾಗುವುದನ್ನು ತಡೆಹಿಡಿಯಲು ಕೇಳಿದ್ದರು!

ಇಷ್ಟು ಬಿಸಿಯಾದ ವಿಷಯಕ್ಕೆ ಪದವೇ ಒಂದು ಪಕ್ಷ ಹಿಡಿಯಬಾರದು ಅಲ್ವಾ? ಮರ ಕಡಿಯುವುದಕ್ಕೆ ‘ಕಡಿತಲೆ’ ನಮ್ಮ ಅರಣ್ಯ ಇಲಾಖೆಯವರ ಬಾಯಲ್ಲಿರುವ ಪದ, ಅದು ಸಾಕು. ಮುಂದೆ ಏನು ಸೇರಿಸುವುದು? ‘ಸುಟ್ಟಮರ ಕಡಿತಲೆ’ ಆರೆಗನ್‌ಗೆ ಸರಿ, ಬಿರುಗಾಳಿಗೆ ಸರಿಯಲ್ಲ. ‘ಹಾಳುಮರ’ ಅಂದರೆ ಮತ್ತೆ ತೀರ್ಪು ಕೊಟ್ಟಂತೆ. ನಮ್ಮ ತೋಟದಂಚಿನಲ್ಲಿ ನಿಂತಲ್ಲೇ ಒಣಗಿದ ಮತ್ತಿಮರ ಇದೆ. ಅದರ ಮೆತ್ತಗಾದ ಕೊಂಬೆಯನ್ನು ಕುಟ್ರುಹಕ್ಕಿ ಕೊರೆದು ಪೊಟರೆ ಮಾಡಿದೆ. ಬೆಳಗ್ಗೆ ಕೆಳಗೆ ಹೊಟ್ಟು ಉದುರಿರುತ್ತದೆ. ಅದನ್ನು ಹಾಳುಮರ ಅನ್ನಲು ನನಗೆ ಬಾಯಿ ಬರುವುದಿಲ್ಲ. 2000ದ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಂದ ಸತ್ತ, ರೋಗ ಹಿಡಿದ, ಗಾಳಿಗೆ ಬಿದ್ದ ಮರ ತೆಗೆಯುವುದನ್ನೂ ತಡೆದಿತ್ತು. ಆ ಆದೇಶದಲ್ಲೂ ಮರದ ಸ್ಥಿತಿಯನ್ನು ಒಂದೊಂದಾಗಿ ಹೆಸರಿಸಿದ್ದಾರೆ, ಒಟ್ಟು ಪದವಿಲ್ಲ.

ಸದ್ಯಕ್ಕೆ ‘ಒಣಮರ ಕಡಿತಲೆ’ ಅಂತ ಬರೆದಿದ್ದೇನೆ. ಆದರೆ ಗಾಳಿಗೆ ಬಿದ್ದ ಹಸಿಮರ ಇದರಲ್ಲಿ ಬರುವುದಿಲ್ಲ. ಮಲೆನಾಡು, ಕೊಡಗು, ಉತ್ತರ ಕನ್ನಡದ ಕಡೆಯವರು ಸುಟ್ಟದ್ದು, ಒಣಗಿದ್ದು, ಬಿದ್ದದ್ದು ಎಲ್ಲಕ್ಕೂ ಸೇರಿಸಿ ಹೇಳುವ ಮಾತೇನಾದರೂ ಇದೆಯೇ?